ಧೂಳಿನ ಉಸ್ತುವಾರಿ

ಚರಿತ್ರೆ ಪಾಠ ಮಾಡುವವನಾದ್ದರಿಂದ ದೊಡ್ಡ ದೊಡ್ಡ ಅನಾಹುತಗಳು ಹೇಗೆ ಶುರುವಾಗುತ್ತವೆ ಎಂಬುದರ ಬಗ್ಗೆ ನನಗೆ ಅಷ್ಟಿಷ್ಟು ತಿಳುವಳಿಕೆ ಇದೆ. ಪಠ್ಯಪುಸ್ತಕಗಳಲ್ಲಿ ಒಂದೊಂದಕ್ಕೂ ರಾಜಕೀಯ ಕಾರಣ, ಆರ್ಥಿಕ ಕಾರಣ, ತಕ್ಷಣದ ಕಾರಣ ಎಂದು ವಿಂಗಡಿಸಿ ಕೊಟ್ಟಿರುತ್ತಾರೆ. ನಮ್ಮ ಶಾಲೆಯಲ್ಲಿ ಆದದ್ದಕ್ಕೆ ಕಾರಣ ಒಂದೇ. ಮುಖ್ಯೋಪಾಧ್ಯಾಯಿನಿಯವರಿಗೆ ಹಲ್ಲುನೋವು ಬಂತು.

ಹಲ್ಲುನೋವು ಬರದಿದ್ದರೆ ಶಿಕ್ಷಣ ಕಚೇರಿಯ ಸಭೆಗೆ ಅವರೇ ಹೋಗುತ್ತಿದ್ದರು, ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದರು, ಶಾಲೆಗೆ ಮರಳುವಷ್ಟರಲ್ಲಿ ಮರೆಯುತ್ತಿದ್ದರು. ಎಲ್ಲ ಸಭೆಗಳಂತೆ ಅದೂ ಯಾರಿಗೂ ತೊಂದರೆ ಕೊಡದೆ ಮುಗಿಯುತ್ತಿತ್ತು. ಆದರೆ ಅವರು ಊದಿದ ಕೆನ್ನೆಗೆ ಕೈ ಒತ್ತಿಕೊಂಡು ನಮ್ಮ ಗುಮಾಸ್ತರನ್ನು ಕರೆದು, "ನೀವೇ ಹೋಗ್ಬನ್ನಿ" ಎಂದುಬಿಟ್ಟರು. ಗುಮಾಸ್ತರು ಅಲ್ಲಿಯವರೆಗೆ ಸಭೆಗಳಿಗೆ ಕುರ್ಚಿ ಹಾಕಿಸಿದವರೇ ಹೊರತು ಅವುಗಳ ಮೇಲೆ ಕೂತವರಲ್ಲ. ಹೊಸ ಅಂಗಿ ತೊಟ್ಟು, ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ಹೊರಟರು.

ಇವರು ನಮ್ಮ ಪಕ್ಕದ ಮನೆಯವರು. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಕಂತ್ರಾಟುದಾರ ಮನಸ್ಸಿಲ್ಲದೆ ಕಟ್ಟಿದ ಗೋಡೆ. ಅಲ್ಲಿ ಚಮಚ ಬಿದ್ದರೆ ಇಲ್ಲಿ ನಾನು ಬಗ್ಗಿ ನೋಡುತ್ತೇನೆ. ಆದ್ದರಿಂದ ಮುಂದೆ ನಾನು ಹೇಳಲಿರುವ ಮನೆಯೊಳಗಿನ ಮಾತುಗಳನ್ನು ಕದ್ದು ಕೇಳಿದ್ದೆಂದು ಯಾರೂ ಭಾವಿಸಬಾರದು. ಅವು ತಾವಾಗಿಯೇ ಬಂದವು.

ಆ ಮನೆಯಲ್ಲಿ ಗುಮಾಸ್ತರು, ಅವರ ಹೆಂಡತಿ, ಹೆಂಡತಿಯ ತಾಯಿ, ಹೀಗೆ ಮೂವರು. ಹೆಂಡತಿಯ ತಾಯಿ ಎಂದರೆ ನಮ್ಮ ಶಾಲೆಯ ಆಯಾ. ನಾವೆಲ್ಲ ಕೆಲಸಕ್ಕೆ ಸೇರುವ ಮೊದಲಿನಿಂದಲೂ ಅವರು ಅಲ್ಲಿದ್ದಾರೆ. ಕೋಣೆ ಗುಡಿಸುವುದು, ಗಂಟೆ ಹೊಡೆಯುವುದು, ಯಾರ ಮನೆಯಲ್ಲಿ ಯಾರು ಯಾರನ್ನು ಬೈದರೆಂದು ತಿಳಿಸುವುದು, ಮೂರೂ ಅವರ ಇಲಾಖೆ. ಮೂರನೆಯದರಲ್ಲಿ ಅವರಿಗಿರುವ ಶ್ರದ್ಧೆ ಮೊದಲನೆಯದರಲ್ಲಿ ಇತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಪೊರಕೆಯ ಸದ್ದು ಇಡೀ ಕಟ್ಟಡಕ್ಕೆ ಕೇಳುತ್ತಿತ್ತು. ಕಸ ಮಾತ್ರ ಬಹುಪಾಲು ಇದ್ದಲ್ಲಿಯೇ ಮಗ್ಗುಲು ಬದಲಿಸುತ್ತಿತ್ತು. ಶಾಲೆಯಲ್ಲಿ ಗುಮಾಸ್ತರು ಅವರಿಗೆ ಮೇಲಧಿಕಾರಿ. ಮನೆಯಲ್ಲಿ ಅಳಿಯ. ಎರಡರಲ್ಲಿ ಯಾವುದು ದೊಡ್ಡ ಹುದ್ದೆ ಎಂಬುದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು.

ಸಭೆ ಮುಗಿಸಿ ಬಂದ ಗುಮಾಸ್ತರು ಬೇರೆಯೇ ಮನುಷ್ಯರಾಗಿದ್ದರು. ಸಂಜೆ ಗೋಡೆಯಾಚೆಯಿಂದ ಅವರ ದನಿ ಕೇಳಿಸಿತು.

"ಇನ್ಮೇಲೆ ಸರ್ಕಾರಿ ಶಾಲೆಗಳನ್ನೆಲ್ಲ ಒಂದೇ ಥರ ಚೊಕ್ಕ ಮಾಡ್ಬೇಕಂತೆ. ಯಾವ ಬಟ್ಟೇಲಿ ಮೇಜು, ಯಾವ ಬಟ್ಟೇಲಿ ಕಿಟಕಿ, ಯಾವ ಮೂಲೆಯಿಂದ ಶುರು, ಎಲ್ಲಾ ನಿಗದಿ. ಮೊದ್ಲು ಪರೀಕ್ಷೆ ಮಾಡಿ ನೋಡ್ತಾರೆ. ಸೇತುವೆಯಾಚೆ ಶಾಲೆಗೆ ಹೊಸ ಪದ್ಧತಿ, ಮಷೀನು, ಬಣ್ಣಬಣ್ಣದ ಬಟ್ಟೆ."

"ಮತ್ತೆ ನಮ್ಗೆ?" ಎಂದರು ಹೆಂಡತಿ.

"ನಮ್ದು ಹೋಲಿಸಿ ನೋಡೋ ಶಾಲೆ. ಅವರ ಶಾಲೆ ಎಷ್ಟು ಚೊಕ್ಕ ಆಯ್ತು ಅನ್ನೋದು ನಮ್ಮನ್ನ ನೋಡೇ ಗೊತ್ತಾಗ್ಬೇಕು. ಸಾಹೇಬ್ರು ನನ್ನ ಮುಖ ನೋಡಿ ಹೇಳಿದ್ರು, ನಿಮ್ಮಲ್ಲಿ ಏನೂ ಬದಲಾಗಬಾರದು, ಈಗ ಹೇಗಿದ್ಯೋ ಹಾಗೇ ಇರ್ಬೇಕು, ಇಡೀ ಪ್ರಯೋಗ ನಿಂತಿರೋದೇ ನಿಮ್ಮ ಮೇಲೆ ಅಂತ."

"ನಿಮ್ಮ ಮೇಲಾ?" ಎಂಬ ಅತ್ತೆಯವರ ದನಿಯಲ್ಲಿ ಅನುಮಾನ ಎದ್ದು ಕಾಣುತ್ತಿತ್ತು.

ಮರುದಿನ ಗುಮಾಸ್ತರ ಮೇಜಿನ ಮೇಲೆ ದಪ್ಪ ಕಾಗದದ ಮೇಲೆ ಕೆಂಪು ಶಾಯಿಯಲ್ಲಿ ಬರೆದ 'ಪ್ರಯೋಗ ಉಸ್ತುವಾರಿ' ಎಂಬ ಫಲಕ ಕಾಣಿಸಿಕೊಂಡಿತು. ಅದೇ ದಿನ ಶಿಕ್ಷಣ ಕಚೇರಿಯಿಂದ ಒಬ್ಬ ಪರೀಕ್ಷಕಿ ಬಂದಳು. ಚಿಕ್ಕ ವಯಸ್ಸು, ಭುಜಕ್ಕೆ ಪೆಟ್ಟಿಗೆ, ನಗುವುದಕ್ಕೆ ಪುರಸೊತ್ತಿಲ್ಲದ ಮುಖ. ಹತ್ತಿ ಸುತ್ತಿದ ಕಡ್ಡಿಯಿಂದ ಮೇಜು, ಬಾಗಿಲ ಹಿಡಿ, ಕಿಟಕಿಯ ಅಂಚು ಎಲ್ಲವನ್ನೂ ಸವರಿ, ಆ ಕಡ್ಡಿಯನ್ನು ಒಂದು ಮೀಟರಿನೊಳಗೆ ತೂರಿಸಿ, ಅದರಲ್ಲಿ ಬಂದ ಅಂಕಿಯನ್ನು ಬರೆದುಕೊಂಡಳು. ಗುಮಾಸ್ತರು ಅವಳ ಹಿಂದೆಯೇ ಪೆಟ್ಟಿಗೆಯ ಮುಚ್ಚಳ ಹಿಡಿದುಕೊಂಡು ನಡೆದರು. ಹೊರಡುವಾಗ ಅವಳು, "ಪರೀಕ್ಷೆ ಮುಗಿಯೋವಾಗ ಮತ್ತೆ ಬರ್ತೀನಿ. ಅಲ್ಲಿವರೆಗೂ ಏನೂ ಬದಲಾಗ್ಬಾರ್ದು" ಎಂದಳು. ಒಂದೇ ಮಾತನ್ನು ಇಬ್ಬರು ಅಧಿಕಾರಿಗಳು ಹೇಳಿದ ಮೇಲೆ ಅದು ವೇದವಾಯಿತು.

ಮಾರನೆಯ ಬೆಳಿಗ್ಗೆ ಅತ್ತೆಯವರು ಪೊರಕೆ ಹಿಡಿದು ಏಳನೆಯ ತರಗತಿಗೆ ಕಾಲಿಟ್ಟರೋ ಇಲ್ಲವೋ, ಗುಮಾಸ್ತರು ಕಚೇರಿಯಿಂದ ಓಡಿಬಂದರು.

"ಅತ್ತೆ, ನಿಲ್ಸಿ!"

"ಏನಾಯ್ತು ಅಳಿಯಂದ್ರೇ, ಹಾವು ಗೀವು ಬಂತಾ?"

"ಗುಡಿಸ್ಬೇಡಿ. ಗುಡಿಸಿದ್ರೆ ಕೋಣೆ ಬದಲಾಗುತ್ತಾ ಇಲ್ವಾ?"

"ಬದಲಾಗ್ಲಿ ಅಂತಾನೇ ಅಲ್ವಾ ಗುಡಿಸೋದು?"

"ಮತ್ತೆ? ಬದಲಾಗ್ಬಾರ್ದು ಅಂತ ಸಾಹೇಬ್ರ ಅಪ್ಪಣೆ."

ನಾನು ಹಾಜರಿ ಪುಸ್ತಕ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಈ ವಾದದಲ್ಲಿ ಎಲ್ಲೋ ಏನೋ ತಪ್ಪಿದೆ ಎನಿಸಿತು, ಆದರೆ ಎಲ್ಲಿ ಎಂದು ತಟ್ಟನೆ ಹೊಳೆಯಲಿಲ್ಲ. ಹೊಳೆಯುವಷ್ಟರಲ್ಲಿ ಅತ್ತೆಯವರು ಪೊರಕೆಯನ್ನು ಗೋಡೆಗೆ ಒರಗಿಸಿ, "ಅಪ್ಪಣೆ ಅಂದ್ಮೇಲೆ ಅಪ್ಪಣೆ" ಎಂದು ಜಗಲಿಯಲ್ಲಿ ಕಾಲು ಚಾಚಿ ಕೂತಾಗಿತ್ತು. ಅವರ ಮೂರನೆಯ ಇಲಾಖೆಗೆ ಆ ವಾರ ಭರ್ಜರಿ ಸುಗ್ಗಿ.

ಧೂಳಿಗೆ ಒಂದು ಗುಣವಿದೆ. ಅದನ್ನು ಅದರ ಪಾಡಿಗೆ ಬಿಟ್ಟರೆ ಅದು ಇದ್ದಷ್ಟೇ ಇರುವುದಿಲ್ಲ. ಸೀಮೆಸುಣ್ಣದ ಪುಡಿ, ಪೆನ್ಸಿಲಿನ ಸಿಪ್ಪೆ, ಚಾಕೊಲೇಟ್ ಕಾಗದ, ಬೂಟಿಗಂಟಿದ ಮಣ್ಣು ಎಲ್ಲ ಸೇರಿ ಶಾಲೆ ದಿನೇದಿನೇ ಮೈ ತುಂಬಿಕೊಂಡಿತು. ಹಲ್ಲು ಕೀಳಿಸಿಕೊಂಡು ಕೆಲಸಕ್ಕೆ ಮರಳಿದ ಮುಖ್ಯೋಪಾಧ್ಯಾಯಿನಿಯವರು ಒಂದು ಸುತ್ತು ಹಾಕಿ ಬಂದು ಗುಮಾಸ್ತರ ಮುಂದೆ ನಿಂತರು.

"ಏನ್ರೀ ಇದು?"

"ಏನೂ ಬದಲಾಗ್ಬಾರ್ದು ಅಂತ ಮೇಡಂ..."

"ಇದು ಬದಲಾವಣೆ ಅಲ್ವೇನ್ರೀ? ಮೊದ್ಲು ನನ್ನ ಮೇಜಿನ ಮೇಲೆ ಬೆರಳಲ್ಲಿ ಸಹಿ ಹಾಕ್ಬಹುದಿತ್ತು. ಈಗ ಪ್ರಬಂಧ ಬರೀಬಹುದು."

ಪ್ರಯೋಗ ಗುಮಾಸ್ತರ ಕಣ್ಣೆದುರಿಗೇ ಕೆಡುತ್ತಿತ್ತು, ಅದೂ ಅವರ ಉಸ್ತುವಾರಿಯಲ್ಲೇ. ಅಂದಿನ ಮಧ್ಯಾಹ್ನ ಶಿಕ್ಷಕರ ಕೋಣೆಯಲ್ಲಿ ತುರ್ತು ಸಭೆ ಸೇರಿತು. ಪರೀಕ್ಷಕಿ ಮೊದಲು ಬಂದ ದಿನ ಶಾಲೆ ಎಷ್ಟು ಕೊಳೆಯಾಗಿತ್ತು, ಇದೇ ಪ್ರಶ್ನೆ.

ಇಷ್ಟು ವರ್ಷ ಆ ಕೋಣೆಗಳಲ್ಲಿ ಪಾಠ ಮಾಡಿದ ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. ಭೂಪಟದ ಮೇಲಿನ ಜೇಡರಬಲೆ ಅಂಗೈ ಅಗಲ ಇತ್ತೆಂದು ನಾನು ಹೇಳಿದೆ. ಲೆಕ್ಕದ ಮೇಷ್ಟ್ರು ಸಮುದ್ರವೊಂದನ್ನು ಪೂರ್ತಿ ಮುಚ್ಚಿತ್ತೆಂದರು. ಮಾತಿಗೆ ಮಾತು ಬೆಳೆದು, ಅವರು ನನ್ನ ಕಣ್ಣಿನ ಬಗ್ಗೆಯೂ ನಾನು ಅವರ ಭೂಗೋಳಜ್ಞಾನದ ಬಗ್ಗೆಯೂ ಆಡಬಾರದ್ದನ್ನು ಆಡಿದೆವು. ಕೊನೆಗೆ ಲೆಕ್ಕದ ಮೇಷ್ಟ್ರೇ ದಾರಿ ತೋರಿಸಿದರು. "ಎಲ್ಲಾ ಗುಡಿಸಿ ತೆಗೀರಿ. ಆಮೇಲೆ ಅವತ್ತು ಎಷ್ಟಿತ್ತೋ ಅಷ್ಟನ್ನ ವಾಪಸ್ ಹಾಕಿ. ಸರಾಸರಿ ನಾನು ಹೇಳ್ತೀನಿ."

ಗುಮಾಸ್ತರು ಅವರ ಕೈ ಹಿಡಿದುಕೊಂಡು ಕುಲುಕಿದರು.

ಹೀಗೆ ನಮ್ಮ ಶಾಲೆಯಲ್ಲಿ ಧೂಳಿನ ದಾಸ್ತಾನು ಶುರುವಾಯಿತು. ಪ್ರತಿ ತರಗತಿಗೂ ಒಂದು ಚೀಲ, ಚೀಲಕ್ಕೊಂದು ಚೀಟಿ. ಆರನೆಯ ತರಗತಿಯ ಧೂಳು ಏಳನೆಯದಕ್ಕೆ ಹೋಗುವಂತಿಲ್ಲ. ಬೆಳಿಗ್ಗೆ ಅತ್ತೆಯವರು ಕೋಣೆ ಗುಡಿಸಿ ಬರಿದು ಮಾಡಬೇಕು, ಆಮೇಲೆ ಚೀಲದಿಂದ ಹಿಡಿ ಹಿಡಿಯಾಗಿ ತೆಗೆದು ಚೆಲ್ಲಬೇಕು.

"ಇಷ್ಟು ವರ್ಷ ಕಸ ಗುಡಿಸಿದೀನಿ ಅಳಿಯಂದ್ರೇ, ಕಸ ಬಿತ್ತಿರ್ಲಿಲ್ಲ. ಇದೊಂದು ಬಾಕಿ ಇತ್ತು."

"ಕಿಟಕಿ ಹತ್ರ ಸ್ವಲ್ಪ ಕಮ್ಮಿ ಆಯ್ತು ಅತ್ತೆ."

"ಸಾಕಾ? ಇನ್ನೊಂಚೂರು ಹಾಕ್ಲಾ? ಸಂಕೋಚ ಮಾಡ್ಕೋಬೇಡಿ."

"ಸಾಕು, ಸಾಕು. ಪೆನ್ಸಿಲ್ ಸಿಪ್ಪೆ ಮೇಲಿರ್ಲಿ. ಅದು ಕೊನೇಲಿ ಬಿದ್ದಿದ್ದು."

ಹೇಳಲೇಬೇಕಾದ ಮಾತೆಂದರೆ ಆ ಅವಧಿಯಲ್ಲಿ ಅತ್ತೆಯವರು ಗುಡಿಸಿದಷ್ಟು ಶುದ್ಧವಾಗಿ ತಮ್ಮ ಜೀವಮಾನದಲ್ಲಿ ಎಂದೂ ಗುಡಿಸಿರಲಿಲ್ಲ. ಒಂದು ಕಣವೂ ಉಳಿಯಬಾರದೆಂದು ಅಳಿಯ ಮಂಡಿಯೂರಿ ಪರೀಕ್ಷಿಸುತ್ತಿದ್ದರು. ಕೋಣೆ ಥಳಥಳ ಹೊಳೆಯುತ್ತಿತ್ತು. ಆಮೇಲೆ ಅದನ್ನು ಕೊಳೆ ಮಾಡುತ್ತಿದ್ದರು.

ಇದರ ಸೇಡನ್ನು ಅತ್ತೆಯವರು ಮನೆಯಲ್ಲಿ ತೀರಿಸಿಕೊಳ್ಳುತ್ತಿದ್ದರು. ಗೋಡೆಯಾಚೆ ಒಂದು ಸಂಜೆ ಗುಮಾಸ್ತರ ದನಿ: "ಅತ್ತೆ, ಈ ಲೋಟ ತೊಳೆದಿಲ್ಲ." ಅತ್ತೆಯವರ ದನಿ: "ಬೆಳಿಗ್ಗೆ ಹೇಗಿತ್ತೋ ಹಾಗೇ ಇದೆ. ಏನೂ ಬದಲಾಗ್ಬಾರ್ದಲ್ಲ!" ಹೆಂಡತಿ ನಕ್ಕ ಸದ್ದು. ನಾನೂ ಈಚೆ ನಕ್ಕೆ. ಆಚೆ ಸಟಕ್ಕನೆ ಮೌನವಾಯಿತು. ಆ ಗೋಡೆ ಎರಡೂ ಕಡೆಗೆ ತೆಳುವೆಂಬುದು ನನಗೆ ಆಗಾಗ ಮರೆತುಹೋಗುತ್ತದೆ.

ಶಾಲೆಯ ಗೇಟಿನ ಎದುರಿಗೇ ದರ್ಜಿಯ ಅಂಗಡಿ. ಆ ದರ್ಜಿಯೇ ನಮ್ಮ ಪಾಲಕರ ಸಮಿತಿಯ ಅಧ್ಯಕ್ಷರು ಕೂಡ. ಹೊಲಿಗೆ ಯಂತ್ರದ ಮುಂದೆ ಕೂತರೆ ಅವರಿಗೆ ಏಳನೆಯ ತರಗತಿಯ ಕಿಟಕಿ ನೇರವಾಗಿ ಕಾಣುತ್ತದೆ. ಆಯಾ ಚೀಲದಿಂದ ಕಸ ತೆಗೆದು ಮಕ್ಕಳ ಬೆಂಚಿನ ಕೆಳಗೆ ಚೆಲ್ಲುವುದು, ಗುಮಾಸ್ತರು ಪಕ್ಕದಲ್ಲಿ ನಿಂತು ಬೆರಳು ತೋರಿಸಿ ಇಲ್ಲಿ, ಅಲ್ಲಿ ಎನ್ನುವುದು ಅವರ ಕಣ್ಣಿಗೆ ಬಿತ್ತು. ಮೊದಲು ಕನ್ನಡಕ ಒರೆಸಿಕೊಂಡರು. ಎರಡನೆಯ ದಿನವೂ ಅದೇ ಕಂಡಾಗ ಹೊಲಿಯುತ್ತಿದ್ದ ಪ್ಯಾಂಟಿನ ಕಾಲನ್ನು ಯಾರದೋ ಅಂಗಿಯ ತೋಳಿಗೆ ಸೇರಿಸಿಬಿಟ್ಟರಂತೆ. ಮೂರನೆಯ ದಿನ ಪೊರಕೆ, ಬಕೆಟ್ಟು, ಫಿನಾಯಿಲ್ ಹಿಡಿದ ತಂದೆ ತಾಯಂದಿರ ಒಂದು ದಂಡು ಅವರ ಹಿಂದೆ ಗೇಟಿಗೆ ಬಂತು. ಗುಮಾಸ್ತರು ಒಳಗಿನಿಂದ ಚಿಲಕ ಹಿಡಿದು ನಿಂತರು.

"ಗೇಟ್ ತೆಗೀರಿ ಗುಮಾಸ್ತ್ರೇ. ನಮ್ಮ ಮಕ್ಳು ಕೂರೋ ಜಾಗ ನಾವೇ ತೊಳೀತೀವಿ" ಎಂದರು ದರ್ಜಿ.

"ಒಳಗೆ ಒಂದು ತೊಟ್ಟು ಫಿನಾಯಿಲ್ ಬಿದ್ರೂ ಸರ್ಕಾರಿ ಕೆಲಸಕ್ಕೆ ಅಡ್ಡಿ ಅಂತಾಗುತ್ತೆ."

"ಅಲ್ರೀ, ಕೊಳೇನೂ ಸರ್ಕಾರದ್ದಾ?"

"ಮೊದ್ಲು ಆಗಿರ್ಲಿಲ್ಲ. ಈಗ ಅಳತೆ ಆಗಿದೆ. ಅಳತೆ ಆದ್ಮೇಲೆ ಸರ್ಕಾರದ್ದೇ."

ಸರ್ಕಾರದ್ದು ಎಂದಕೂಡಲೇ ದಂಡಿನಲ್ಲಿ ಇಬ್ಬರು ಬಕೆಟ್ಟು ಕೆಳಗಿಟ್ಟರು. ಗುಮಾಸ್ತರು ಅಷ್ಟಕ್ಕೇ ಬಿಡದೆ ಜೇಬಿನಿಂದ ಒಂದು ಪೊಟ್ಟಣ ತೆಗೆದು ಗೇಟಿನ ಸಂದಿಯಿಂದ ದರ್ಜಿಯ ಕೈಗೆ ಕೊಟ್ಟರು.

"ಏನಿದು?"

"ನಿಮ್ಮ ಅಂಗಡಿ ಬಟ್ಟೆ ಚೂರು. ಗಾಳಿಗೆ ಹಾರಿ ಒಳಗೆ ಬರ್ತಿವೆ. ಇದು ಲೆಕ್ಕಕ್ಕಿಲ್ಲದ ಕಸ. ದಯವಿಟ್ಟು ನಿಮ್ಮಲ್ಲೇ ಇಟ್ಕೊಳ್ಳಿ."

ದರ್ಜಿ ಪೊಟ್ಟಣವನ್ನೂ ಗುಮಾಸ್ತರನ್ನೂ ಬಹಳ ಹೊತ್ತು ನೋಡಿ, ತಲೆಯ ಪಕ್ಕ ಬೆರಳು ತಿರುಗಿಸಿ ತೋರಿಸಿ ಹಿಂದಕ್ಕೆ ಹೋದರು. ಊರಿನಲ್ಲಿ ಸುದ್ದಿ ಹಬ್ಬಿತು. ಗುಮಾಸ್ತರು ದಾರಿಯಲ್ಲಿ ಹೋಗುವಾಗ ಜನ ಅಂಗಳದ ಕಸವನ್ನು ತೋರಿಸಿ, "ಇದು ಇರ್ಲಾ, ತೆಗೀಲಾ?" ಎಂದು ಕೇಳತೊಡಗಿದರು. ಗುಮಾಸ್ತರು ನಿಂತು, ನೋಡಿ, ಗಂಭೀರವಾಗಿಯೇ ಸಲಹೆ ಕೊಡುತ್ತಿದ್ದರು.

ಪರೀಕ್ಷಕಿ ಸೋಮವಾರ ಬರುತ್ತಾಳೆಂದು ಕಚೇರಿಯಿಂದ ಫೋನ್ ಬಂತು. ಅದರ ಹಿಂದಿನ ಶನಿವಾರ ಸಂಜೆ ಗುಮಾಸ್ತರ ಷಡ್ಡಕರು ಮನೆಗೆ ಬಂದರು. ಅತ್ತೆಯವರ ಕಿರಿಯ ಅಳಿಯ. ಶಿಕ್ಷಣಾಧಿಕಾರಿಗಳ ಜೀಪಿನ ಚಾಲಕ. ಜೀಪಿನ ಹಿಂದಿನ ಸೀಟಿನಲ್ಲಿ ಆಡಿದ ಮಾತೆಲ್ಲ ಮುಂದಿನ ಸೀಟಿಗೆ ಕೇಳುವುದು ಸಹಜ. ನಾನು ಆಗ ಉತ್ತರಪತ್ರಿಕೆ ತಿದ್ದುತ್ತ ಗೋಡೆಯ ಪಕ್ಕದಲ್ಲೇ ಕೂತಿದ್ದೆ. ಅಲ್ಲಿ ಬೆಳಕು ಚೆನ್ನಾಗಿದೆ.

"ಅಣ್ಣ, ನಿಮ್ಗೆ ಗೊತ್ತೇ ಇಲ್ವಾ?" ಎಂದಿತು ಷಡ್ಡಕರ ದನಿ. "ಸೇತುವೆಯಾಚೆ ಶಾಲೆ ನಿಮ್ಮದಕ್ಕಿಂತ ಚೊಕ್ಕ ಇದೆ ಅಂತ ಮೀಟರಲ್ಲಿ ಬಂದ್ರೆ, ಎಲ್ಲಾ ಶಾಲೆಗೂ ಹೊಸ ಪದ್ಧತಿ. ಕೆಲಸಕ್ಕೆ ಕಂಪನಿಯೋರು ಬರ್ತಾರೆ. ಆಯಾಗಳನ್ನೆಲ್ಲ ಮನೆಗೆ ಕಳಿಸ್ತಾರಂತೆ. ನಿಮ್ಮ ಶಾಲೆಯೇ ಚೊಕ್ಕ ಇದ್ರೆ ಪದ್ಧತಿ ಬಿಟ್ಟುಬಿಡ್ತಾರೆ, ಎಲ್ಲರ ಕೆಲಸಾನೂ ಉಳಿಯುತ್ತೆ."

ಆಚೆ ಕಡೆ ಚಮಚದ ಸದ್ದೂ ನಿಂತಿತು.

ಮೊದಲು ಮಾತಾಡಿದ್ದು ಹೆಂಡತಿ. "ರೀ, ನಮ್ಮಮ್ಮನ ಅನ್ನಕ್ಕೆ ಮಣ್ಣು ಹಾಕ್ತಿದೀರಿ. ಅದೂ ನಮ್ಮಮ್ಮನ ಕೈಯಿಂದ್ಲೇ ಹಾಕಿಸ್ತಿದೀರಿ."

"ನಂಗೇನ್ ಗೊತ್ತಿತ್ತು? ಇಡೀ ಪ್ರಯೋಗ ನನ್ನ ಮೇಲೆ ನಿಂತಿದೆ ಅಂದ್ರು..."

"ಈಗ ನಮ್ಮಮ್ಮನ ಮೇಲೆ ನಿಂತಿದೆ!"

ಅತ್ತೆಯವರು ಬೈಯುತ್ತಾರೆಂದು ನಾನು ಕಾದೆ. ಬೈಯಲಿಲ್ಲ. ಅವರ ದನಿ ಕೇಳಿತು, ಅದು ನಾನು ಎಂದೂ ಕೇಳಿರದಷ್ಟು ಸಣ್ಣಗಿತ್ತು. "ಬೆಳಗಾದ್ರೆ ಎದ್ದು ನಾನು ಎಲ್ಲಿಗೆ ಹೋಗ್ಲಿ? ಗಂಟೆ ಯಾರು ಹೊಡೀತಾರೆ?"

"ಅತ್ತೆ, ಹೆದರ್ಬೇಡಿ. ನಾನಿದೀನಲ್ಲ."

"ನೀವಿದೀರಿ ಅಂತಾನೇ ಹೆದರಿಕೆ ಅಳಿಯಂದ್ರೇ."

ನನಗೆ ನಿಜವಾಗಿಯೂ ಕೆಡುಕೆನಿಸಿತು. ಆಕೆ ಕೆಲಸದಲ್ಲಿ ಅಷ್ಟಕ್ಕಷ್ಟೇ ಎಂಬುದು ನಿಜ. ಆದರೆ ಆಕೆ ಗಂಟೆ ಹೊಡೆಯದ ಶಾಲೆಗೆ ಹೋಗಿ ಪಾಠ ಮಾಡುವುದನ್ನು ನನಗೆ ಊಹಿಸಿಕೊಳ್ಳಲೂ ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಗುಮಾಸ್ತರು ತಾವೇ ಹೋಗಿ ದರ್ಜಿಯ ಮನೆಯ ಬಾಗಿಲು ತಟ್ಟಿದರು. ಏನು ಹೇಳಿದರೋ ಗೊತ್ತಿಲ್ಲ, ದರ್ಜಿ ಬಕೆಟ್ಟು ಹಿಡಿದೇ ಹೊರಗೆ ಬಂದರು. ಸ್ವಲ್ಪ ಹೊತ್ತಿಗೆ ಅದೇ ದಂಡು ಅದೇ ಗೇಟಿನ ಮೂಲಕ ಒಳಗೆ ನುಗ್ಗಿತು. ಮುಖ್ಯೋಪಾಧ್ಯಾಯಿನಿ ಕಿಟಕಿ ಹತ್ತಿದರು. ಲೆಕ್ಕದ ಮೇಷ್ಟ್ರು ಭೂಪಟದ ಮೇಲಿನ ಜೇಡರಬಲೆಯನ್ನು ತೆಗೆದು, ಅದು ಅಂಗೈ ಅಗಲವೇ ಇತ್ತೆಂದು ಗೊತ್ತಾದ ಮೇಲೆ ನನ್ನ ಕಡೆ ತಿರುಗದೆ ಬೇಗ ಬೇಗ ಒರೆಸಿಹಾಕಿದರು. ಅತ್ತೆಯವರು ತಲೆಗೆ ಬಟ್ಟೆ ಬಿಗಿದು ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಆಜ್ಞೆ ಕೊಟ್ಟರು, ನಡುನಡುವೆ ತಾವೂ ಗುಡಿಸಿದರು. ಹಳದಿ ಎಂದುಕೊಂಡಿದ್ದ ಗೋಡೆ ಬಿಳಿಯದೆಂದು ಗೊತ್ತಾಯಿತು. ಧೂಳಿನ ಚೀಲಗಳು ಗಾಡಿ ಹತ್ತಿ ಹೊರಟಾಗ ಗುಮಾಸ್ತರು, ಮಗಳನ್ನು ಗಂಡನ ಮನೆಗೆ ಕಳಿಸುವ ತಂದೆಯಂತೆ, ಗೇಟಿನವರೆಗೂ ಹೋಗಿ ನಿಂತರು.

ಸೋಪಿನ ನೀರಿನಲ್ಲಿ ಕಣಕಾಲಿನವರೆಗೆ ಮುಳುಗಿ ನಿಂತಿದ್ದಾಗಲೇ ಅವರ ಜೇಬಿನ ಫೋನ್ ಬಡಿದುಕೊಂಡಿತು.

"ನಾಳೆ ಬರ್ತಾ ಇದೀವಿ. ಏನೂ ಬದಲಾಗಿಲ್ಲ ತಾನೇ?" ಎಂದರು ಅಧಿಕಾರಿಗಳು.

"ಇಲ್ಲ ಸಾರ್. ಇದ್ದ ಹಾಗೇ ಇದೆ" ಎಂದರು ಗುಮಾಸ್ತರು. ಹಿಂದಿನಿಂದ ಯಾರೋ ಬಕೆಟ್ಟು ಕವುಚಿದರು. "ಏನದು ಸದ್ದು?" "ಮಳೆ ಸಾರ್." ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು.

ಸೋಮವಾರ ಅಧಿಕಾರಿಗಳೂ ಪರೀಕ್ಷಕಿಯೂ ಬಂದರು. ಜೀಪಿನಿಂದಿಳಿದ ಅಧಿಕಾರಿಗಳು ಶಾಲೆಯ ಫಲಕವನ್ನು ಎರಡು ಸಲ ಓದಿಕೊಂಡರು. ಪರೀಕ್ಷಕಿ ಮೊದಲು ಸವರಿದ್ದ ಜಾಗಗಳನ್ನೇ ಹುಡುಕಿ ಸವರಿದಳು. ಮೀಟರ್ ನೋಡಿದಳು. ಮೀಟರನ್ನು ಅಂಗೈಗೆ ತಟ್ಟಿದಳು. ಮತ್ತೆ ಸವರಿದಳು. ನಾವೆಲ್ಲ ಕಾರಿಡಾರಿನಲ್ಲಿ ಸಾಲಾಗಿ ನಿಂತಿದ್ದೆವು. ದರ್ಜಿ ಅಳತೆಪಟ್ಟಿ ಕೊರಳಲ್ಲಿ ಹಾಕಿಕೊಂಡೇ ಓಡಿಬಂದಿದ್ದರು. ಅತ್ತೆಯವರು ಪೊರಕೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

"ಸಾರ್, ಮೀಟರಲ್ಲಿ ಕೊಳೆ ಅಂಕಿ ಏಳ್ತಾನೇ ಇಲ್ಲ" ಎಂದಳು ಪರೀಕ್ಷಕಿ. ಆಮೇಲೆ ಗುಮಾಸ್ತರ ಕಡೆ ತಿರುಗಿದಳು. "ಇದು ಯಾವಾಗ್ಲೂ ಹೀಗೇ ಇರುತ್ತಾ?"

"ಯಾವಾಗ್ಲೂ ಹೀಗೇ ಮೇಡಂ."

"ಹಾಗಾದ್ರೆ ನಾನು ಮೊದಲನೇ ಸಲ ಬಂದಾಗ ಅಷ್ಟು ಕೊಳೆ ಹೇಗಿತ್ತು?"

ಸುಳ್ಳು ಹೇಳಲು ಒಂದು ಅಭ್ಯಾಸ ಬೇಕು. ಗುಮಾಸ್ತರಿಗೆ ಒಂದು ವಾಕ್ಯದ ಸುಳ್ಳು ಬರುತ್ತಿತ್ತು, ಎರಡನೆಯದು ಬರುತ್ತಿರಲಿಲ್ಲ.

"ಅದು ಮಾಮೂಲಿ ಕೊಳೆ ಮೇಡಂ. ಅದನ್ನ ಕಾಪಾಡೋಣ ಅಂತ ಗುಡಿಸೋದು ನಿಲ್ಸಿದೆ. ಅದು ಜಾಸ್ತಿ ಆಯ್ತು. ಜಾಸ್ತಿ ಆದ್ರೆ ಬದಲಾದ ಹಾಗಾಯ್ತಲ್ಲ, ಅದಕ್ಕೆ ಪೂರ್ತಿ ತೆಗೆಸಿ ಸರಾಸರಿ ವಾಪಸ್ ಹಾಕಿಸಿದೆ. ಚೀಟಿ ಅಂಟಿಸಿ ಚೀಲದಲ್ಲಿಟ್ಟಿದ್ದೆ, ಒಂದು ಹಿಡಿ ಆಚೆ ಈಚೆ ಆಗಿಲ್ಲ. ಅತ್ತೆಯ ಕೆಲಸ ಹೋಗುತ್ತೆ ಅಂತ ಗೊತ್ತಾದ್ಮೇಲೆ ನಿನ್ನೆ ಎಲ್ಲಾ ತೊಳೆಸಿಬಿಟ್ಟೆ. ಮಳೆ ಬಂದಿರ್ಲಿಲ್ಲ ಸಾರ್."

ಅಧಿಕಾರಿಗಳು ಗೋಡೆ ಹಿಡಿದುಕೊಂಡರು. ಪರೀಕ್ಷಕಿ ಮಾತ್ರ ಶಾಂತವಾಗಿ ಕೇಳಿದಳು. "ಸರಿ. ಇದ್ಯಾವುದೂ ಇಲ್ದೆ, ಮಾಮೂಲಾಗಿ ನಿಮ್ಮ ಶಾಲೆ ಹೇಗಿರುತ್ತೆ?"

ಗುಡಿಸದ ಶಾಲೆ ನೋಡಿದ್ದೆವು, ಗುಡಿಸಿ ಬಿತ್ತಿದ ಶಾಲೆ ನೋಡಿದ್ದೆವು, ತೊಳೆದ ಶಾಲೆ ಎದುರಿಗೇ ಇತ್ತು. ಮಾಮೂಲಿ ಶಾಲೆ ಯಾರ ನೆನಪಿನಲ್ಲೂ ಉಳಿದಿರಲಿಲ್ಲ.

"ಹೋಗ್ಲಿ, ಸೇತುವೆಯಾಚೆ ಶಾಲೆದಾದ್ರೂ ಅಳತೆ ಇದ್ಯಲ್ಲಾ" ಎಂದರು ಅಧಿಕಾರಿಗಳು, ಮುಳುಗುವವರು ಹಲಗೆ ಹಿಡಿದಂತೆ.

"ಬೆಳಿಗ್ಗೆ ಅಲ್ಲಿಗೆ ಹೋಗೇ ಬಂದೆ ಸಾರ್. ಮಷೀನಿನ ಪ್ಲಾಸ್ಟಿಕ್ ಹೊದಿಕೇನೇ ಬಿಚ್ಚಿಲ್ಲ. ಮಕ್ಳು ಕೆಡಿಸ್ತಾರೆ ಅಂತ ಹೆಡ್‌ಮಾಸ್ಟರು ಕೋಣೇಲಿಟ್ಟು ಬೀಗ ಹಾಕಿದಾರೆ. ಬಣ್ಣದ ಬಟ್ಟೆಗಳು ತುಂಬಾ ಚೆನ್ನಾಗಿದ್ವಂತೆ. ಕಿಟಕಿಗೆ ಪರದೆ ಹೊಲಿಸಿದಾರೆ."

ದರ್ಜಿ ಕೆಮ್ಮಿ, ಅಳತೆಪಟ್ಟಿಯನ್ನು ಮೆಲ್ಲಗೆ ಜೇಬಿಗೆ ಸೇರಿಸಿಕೊಂಡರು.

ಅಧಿಕಾರಿಗಳಿಗೆ ಈಗ ತುರ್ತಾಗಿ ಒಬ್ಬ ತಪ್ಪಿತಸ್ಥರು ಬೇಕಾಗಿತ್ತು. ಅವರ ಕಣ್ಣು ನಮ್ಮ ಸಾಲಿನ ಮೇಲೆ ಹಾದು, ಪೊರಕೆ ಹಿಡಿದವರ ಮೇಲೆ ನಿಂತಿತು.

"ಒಂದು ಸಲ ಗುಡಿಸಲ್ಲ, ಒಂದು ಸಲ ಕಸ ಚೆಲ್ತಾರೆ, ಒಂದು ಸಲ ತೊಳೀತಾರೆ! ಮೊದ್ಲು ಈ ಆಯಾನ ತೆಗೀರಿ. ನಾಳೆಯಿಂದ ಬೇರೆಯವ್ರು ಬರ್ಲಿ."

ಮುಖ್ಯೋಪಾಧ್ಯಾಯಿನಿಯವರ ಕೈ ತಾನಾಗಿ ಕೆನ್ನೆಗೆ ಹೋಯಿತು. ಅತ್ತೆಯವರ ಕಣ್ಣು ತುಂಬಿತ್ತು. ಅದನ್ನು ನೋಡಲಾರದೆ ನಾನು ನೆಲ ನೋಡಿದೆ. ಆಗ ಗುಮಾಸ್ತರು ಒಂದು ಹೆಜ್ಜೆ ಮುಂದೆ ಬಂದರು. ಧೈರ್ಯದಿಂದ ಬಂದರೆಂದು ಹೇಳಲಾರೆ. ನಿಯಮ ತಪ್ಪಿಹೋಗುತ್ತಿದೆಯಲ್ಲ ಎಂಬ ಪ್ರಾಮಾಣಿಕ ಗಾಬರಿ ಅವರ ಮುಖದಲ್ಲಿತ್ತು.

"ತೆಗೆಯೋ ಹಾಗಿಲ್ಲ ಸಾರ್."

"ಏನಂದ್ರಿ?"

"ಇವ್ರನ್ನ ತೆಗೆದ್ರೆ ಶಾಲೆ ಬದಲಾಗುತ್ತೆ ಸಾರ್. ನಮ್ಮದು ಹೋಲಿಸಿ ನೋಡೋ ಶಾಲೆ. ಪ್ರಯೋಗ ಮುಗಿಯೋವರೆಗೂ ಏನೂ ಬದಲಾಗ್ಬಾರ್ದು."

ಅಧಿಕಾರಿಗಳು ಬಾಯಿ ತೆರೆದರು. ಪರೀಕ್ಷಕಿ ಅವರಿಗಿಂತ ಮೊದಲು ಮಾತಾಡಿದಳು. "ಅವ್ರು ಹೇಳೋದು ಸರಿ ಸಾರ್. ಪ್ರಯೋಗ ಮತ್ತೆ ಮೊದಲಿಂದ ಮಾಡ್ಬೇಕು. ಇವ್ರು ಇರ್ಲೇಬೇಕು. ಇವ್ರು ಮಾಮೂಲಾಗಿ ಹೇಗೆ ಗುಡಿಸ್ತಾರೋ ಹಾಗೇ ಗುಡಿಸ್ಬೇಕು."

"ಎಲ್ಲಿವರೆಗೆ?"

"ಪ್ರಯೋಗ ಮುಗಿಯೋವರೆಗೆ."

ಸರ್ಕಾರಿ ಪ್ರಯೋಗ ಯಾವಾಗ ಮುಗಿಯುತ್ತದೆಂದು ಅಧಿಕಾರಿಗಳಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಅವರು ಹೋಗಿ ಜೀಪಿನಲ್ಲಿ ಕೂತರು. ಚಾಲಕರು ಜೀಪು ತಿರುಗಿಸುವಾಗ ಅಗತ್ಯವಿಲ್ಲದಿದ್ದರೂ ಎರಡು ಸಲ ಹಾರ್ನ್ ಹೊಡೆದರು.

ಅತ್ತೆಯವರು ಅಂದಿನಿಂದ ಪೊರಕೆಯನ್ನು ಹಿಡಿಯುವ ರೀತಿಯೇ ಬೇರೆಯಾಯಿತು. ಪರೀಕ್ಷಕಿ ಮಾಮೂಲಿಯನ್ನು ಬರೆದುಕೊಳ್ಳಲು ದಿನವೂ ಬಂದು ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಬೀರುವಿನ ಸುತ್ತ ಗುಡಿಸಿ ಮುಂದೆ ಹೋದವರನ್ನು ಒಮ್ಮೆ ತಡೆದು, "ಬೀರು ಹಿಂದೆ?" ಎಂದಳು. "ಬೀರು ಹಿಂದೆ ನಾನು ಗುಡಿಸಲ್ಲ" ಎಂದರು ಅತ್ತೆಯವರು, ಯಾವ ಶಿಕ್ಷಣಾಧಿಕಾರಿಗೂ ಇಲ್ಲದ ಠೀವಿಯಿಂದ. ಪರೀಕ್ಷಕಿ ತಲೆ ಬಾಗಿಸಿ ಬರೆದುಕೊಂಡಳು. ನಮ್ಮ ಬೀರುವಿನ ಹಿಂದಿನ ಧೂಳಿಗೆ ಹೀಗೆ ಸರ್ಕಾರದ ರಕ್ಷಣೆ ಸಿಕ್ಕಿತು.

ಅದೇ ವಾರ ಗುಮಾಸ್ತರಿಗೆ ಎಷ್ಟೋ ವರ್ಷದಿಂದ ಬಾಕಿಯಿದ್ದ ಬಡ್ತಿಯ ಆದೇಶ ಬಂತು. ಶಿಕ್ಷಣ ಕಚೇರಿಯಲ್ಲಿ ಮುಖ್ಯ ಗುಮಾಸ್ತರ ಹುದ್ದೆ. ಕೈಯಿರುವ ಕುರ್ಚಿ, ತಲೆಯ ಮೇಲೆ ಸ್ವಂತ ಫ್ಯಾನು. ಮುಖ್ಯೋಪಾಧ್ಯಾಯಿನಿಯವರು ಆದೇಶವನ್ನು ಗಟ್ಟಿಯಾಗಿ ಓದಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಗುಮಾಸ್ತರ ಕಿವಿ ಕೆಂಪಾಯಿತು. ಅವರು ಆಗಲೇ ಮೇಜಿನ ಮೇಲಿನ ಫಲಕವನ್ನು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಅತ್ತೆಯವರು ಚಪ್ಪಾಳೆ ತಟ್ಟಲಿಲ್ಲ. ಪೊರಕೆಗೆ ಗಲ್ಲ ಊರಿ ನಿಂತು ಏನನ್ನೋ ಯೋಚಿಸುತ್ತಿದ್ದರು. ಆಮೇಲೆ ಮೂಲೆಯ ಕುರ್ಚಿಯ ಕಡೆಗೆ ತಿರುಗಿದರು.

"ಅಮ್ಮಾ, ಒಂದು ಮಾತು. ಅಳಿಯಂದ್ರು ಹೋದ್ರೆ ಶಾಲೆ ಬದಲಾಗಲ್ವಾ?"

ಪರೀಕ್ಷಕಿ ಸ್ವಲ್ಪ ಯೋಚಿಸಿ, "ಬದಲಾಗುತ್ತೆ" ಎಂದಳು. ಮುಖ್ಯೋಪಾಧ್ಯಾಯಿನಿಯವರು ಆದೇಶವನ್ನು ಮಡಚಿ ಡ್ರಾಯರಿನೊಳಗೆ ಇಟ್ಟರು.

ಅಂದು ಸಂಜೆ ಗೋಡೆಯಾಚೆ ಮಗಳು ಕೇಳಿದರು, "ಯಾಕಮ್ಮಾ ಹಾಗ್ಮಾಡ್ದೆ?" ಅತ್ತೆಯವರು, "ಪಾಪ, ಅಷ್ಟು ದೂರ ಬಸ್ಸಲ್ಲಿ ಓಡಾಡ್ಬೇಕಲ್ಲ ಅಂತ" ಎಂದರು. ಅದು ಪ್ರೀತಿಯೋ ಬೇರೇನೋ ನನಗೆ ಗೋಡೆಗೆ ಕಿವಿಯಿಟ್ಟರೂ ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ನಾನು ಹಾಜರಿ ಪುಸ್ತಕಕ್ಕೆಂದು ಕಚೇರಿಗೆ ಹೋದಾಗ ಅವರು ತಮ್ಮ ಹಳೆಯ ಮೇಜಿನ ಮುಂದೆ ಕೂತಿದ್ದರು. ಅತ್ತೆಯವರು ದಡಬಡ ಸದ್ದು ಮಾಡುತ್ತ ಗುಡಿಸಿಕೊಂಡು ಬಂದು ಆ ಮೇಜಿನ ಹತ್ತಿರ ನಿಂತರು.

"ಕಾಲೆತ್ತಿ ಅಳಿಯಂದ್ರೇ."

ಗುಮಾಸ್ತರು ಎರಡೂ ಕಾಲು ಎತ್ತಿಕೊಂಡರು. ಮೂಲೆಯ ಕುರ್ಚಿಯಲ್ಲಿ ಪರೀಕ್ಷಕಿ ಅದನ್ನೂ ಬರೆದುಕೊಂಡಳು.